ದಾರಿ ಮೇಲಿನ ಹನ್ನೊಂದು ಮನೆ

ಮೂವತ್ತಮೂರು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ಕಟ್ಟಿದವನಿಗೆ ನಿವೃತ್ತಿಯಾದ ಮೇಲೂ ಕೈ ಸುಮ್ಮನಿರುವುದಿಲ್ಲ. ಸಾಗರದ ನಮ್ಮ ಮನೆಯಲ್ಲಿ ನನ್ನ ಮೇಜಿನ ಎಡಗಡೆ ಖಾನೆಯಲ್ಲಿ ಒಂದು ಕಡತ ಇದೆ. ಹಸಿರು ರಟ್ಟು, ಕೆಂಪು ಲಾಡಿ. ಮೇಲೆ ನನ್ನದೇ ದುಂಡು ಅಕ್ಷರದಲ್ಲಿ ‘ವಿಷಯ: ಬೈಕಿನ ಮೇಲೆ ಘಟ್ಟ ಇಳಿದು, ಕಡಲ ದಂಡೆ ನೋಡಿ, ಇನ್ನೊಂದು ಘಟ್ಟ ಹತ್ತಿ ವಾಪಸು ಬರುವ ಬಗ್ಗೆ’ ಎಂದು ಬರೆದಿದೆ. ಒಳಗೆ ನಲವತ್ತೆರಡು ಹಾಳೆಗಳು. ಎರಡು ದಿನದ ಪ್ರಯಾಣಕ್ಕೆ ನಲವತ್ತೆರಡು ಹಾಳೆ ಬರೆದವನು ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಅದಕ್ಕಾಗಿ ಹೆಮ್ಮೆ ಪಡುತ್ತಿದ್ದ ಕಾಲವೂ ಒಂದಿತ್ತು.

ಈ ಪ್ರಯಾಣ ನನ್ನ ಆಸೆಯಲ್ಲ, ಭಾವನದು. ಭಾವ ಎಂದರೆ ನನ್ನ ತಂಗಿಯ ಗಂಡ. ವಯಸ್ಸಿನಲ್ಲಿ ನನಗಿಂತ ನಾಲ್ಕು ತಿಂಗಳು ದೊಡ್ಡವನು, ಆದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎನ್ನುವುದು, ಇಬ್ಬರೂ ಏಕವಚನದಲ್ಲಿ ಬೈದುಕೊಳ್ಳುವುದು. ಮಾಸ್ತಿಕಟ್ಟೆಯಲ್ಲಿ ವಿದ್ಯುತ್ ಯೋಜನೆಯ ಕ್ವಾರ್ಟರ್ಸಿನಲ್ಲಿ ಇದ್ದವನು. ಮನೆ ಘಟ್ಟದ ಮೇಲೆ, ಕೆಲಸ ಘಟ್ಟದ ಕೆಳಗೆ ಹೊಸಂಗಡಿಯಲ್ಲಿ. ಹೀಗಾಗಿ ಇಪ್ಪತ್ತೆಂಟು ವರ್ಷ ದಿನಾ ಹುಲಿಕಲ್ ಘಾಟಿಯನ್ನು ಬೈಕಿನಲ್ಲಿ ಇಳಿದು, ಬೈಕಿನಲ್ಲೇ ಹತ್ತಿದ. ನಿವೃತ್ತಿಯಾದ ಮೇಲೆ ತೀರ್ಥಹಳ್ಳಿಯಲ್ಲಿ, ಹೊಳೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಮನೆ ಮಾಡಿಕೊಂಡು ತಂಗಿಯ ಜೊತೆ ಆರಾಮಾಗಿ ಇದ್ದ.

ಒಂದು ದೀಪಾವಳಿಯ ಮಾರನೆಯ ವಾರ ಅವನನ್ನು ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದು ನಾನೇ. ಕಣ್ಣಿನ ಒಳಗೆ ಒತ್ತಡ ಜಾಸ್ತಿಯಾಗಿ ನರ ಸಾಯುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕಬೇಕು ಎಂದರು. ಮೊದಲು ಹೋಗುವುದು ಪಕ್ಕದ ನೋಟ. ನಡುವಿನದು ಕೊನೆಗೆ. ಈಗ ಪಕ್ಕದ್ದೂ ಸುಮಾರಾಗಿ ಇದೆ, ಒಂದು ವರ್ಷ ಹೀಗೇ ಇದ್ದೀತು, ಆಮೇಲೆ ಹೇಳಲಿಕ್ಕೆ ಬರುವುದಿಲ್ಲ, ಬೈಕು ಹೊಡೆಯುವುದನ್ನು ಮಾತ್ರ ಇವತ್ತೇ ನಿಲ್ಲಿಸಿ ಎಂದರು. ಭಾವ ಕೈಕಟ್ಟಿ ಕೂತು, ಶಾಲೆಯಲ್ಲಿ ಲೆಕ್ಕ ತಪ್ಪಿದ ಹುಡುಗನ ಹಾಗೆ ಎಲ್ಲವನ್ನೂ ಒಪ್ಪಿಕೊಂಡ.

ವಾಪಸು ಬರುವಾಗ ಬಸ್ಸು ಮಂಡಗದ್ದೆ ದಾಟುತ್ತಲೇ ಭಾವ ನಮ್ಮ ಮನೆಮಾತಿನಲ್ಲಿ ತಟ್ಟನೆ ಹೇಳಿದ. ಅದರಲ್ಲಿ ‘ಆನು’ ಎಂದರೆ ನಾನು, ‘ಎಂಗೆ’ ಎಂದರೆ ನನಗೆ.

“ಭಾವ, ಇಪ್ಪತ್ತೆಂಟು ವರ್ಷ ಆನು ಹುಲಿಕಲ್ ಇಳಿದಿದ್ದಿ. ಆ ಘಾಟೀಲಿ ಎಂತ ಇದ್ದು ಹೇಳಿ ಕೇಳಿರೆ ಎಂಗೆ ಗೊತ್ತಿಲ್ಲೆ.”

“ಗೊತ್ತಿಲ್ದೆ ಎಂತಾತು? ದಿನಾ ನೋಡ್ದವ ನೀನು.”

“ಆನು ನೋಡಿದ್ದು ರಸ್ತೆನ. ಗುಂಡಿ ನೋಡ್ದಿ, ತಿರುವು ನೋಡ್ದಿ, ಎದುರಿಗೆ ಬಪ್ಪ ಲಾರಿ ನೋಡ್ದಿ. ಬದಿಗೆ ತಿರುಗಿ ನೋಡಿದ್ರೆ ಇಷ್ಟೊತ್ತಿಗೆ ನಿನ್ನ ತಂಗಿ ಪಿಂಚಣಿ ತಗಳ್ತಾ ಇರ್ತಿತ್ತು. ಒಂದ್ಸಲ ಹಿಂದಿನ ಸೀಟಲ್ಲಿ ಕೂತ್ಗಂಡು ಹೋಗವು. ನೀ ರಸ್ತೆ ನೋಡು, ಆನು ಪಕ್ಕ ನೋಡ್ತಿ. ಆಗುಂಬೆ ಇಳಿಯನ, ಮರವಂತೆ ಹತ್ರ ರಸ್ತೆ ಬದೀಲೇ ಸಮುದ್ರ ಇದ್ದಲ, ಅಲ್ಲಿ ಹೋಪನ, ಹುಲಿಕಲ್ ಹತ್ತನ. ಪಕ್ಕದ್ದು ಹೋಗ್ತಡ ಅಲ್ದಾ? ಹೋಪದ್ರೊಳಗೆ ನೋಡಿ ಮುಗಿಸ್ತಿ.”

ಕೇಳಿದ್ದು ಇಷ್ಟೆ. ಬೆಳಿಗ್ಗೆ ಎದ್ದು ಬೈಕಿಗೆ ಪೆಟ್ರೋಲು ಹಾಕಿಸಿ ಹೊರಟಿದ್ದರೆ ಮಾರನೆಯ ಸಂಜೆಗೆ ಮುಗಿದುಹೋಗುವ ಬಾಬತ್ತು. ನಾನು ಬಸ್ಸಿನಲ್ಲೇ ಜೇಬಿನಿಂದ ಪೆನ್ನು ತೆಗೆದು, ಟಿಕೆಟ್ಟಿನ ಹಿಂದೆ ‘ಒಂದು, ಆಗುಂಬೆ’ ಎಂದು ಬರೆದುಕೊಂಡೆ. ಭಾವ ಅದನ್ನು ನೋಡಿ ನಕ್ಕ. ಆಗ ಅವನಿಗೆ ಪಕ್ಕದಲ್ಲಿ ಕೂತವನ ಕೈ ಕಾಣುತ್ತಿತ್ತು.

ಯೋಜನೆಯ ಮೊದಲ ತೊಡಕು ದಾರಿಯದಲ್ಲ, ದಾರಿ ಮೇಲಿನ ಮನೆಗಳದು. ನಮ್ಮ ಸೀಮೆಯಲ್ಲಿ ನೆಂಟರ ಮನೆಯ ಮುಂದೆ ಹಾದು ಹೋಗಿ ಒಳಗೆ ಹೋಗದೆ ಇರುವುದು ಸಣ್ಣ ಅಪರಾಧವಲ್ಲ. ಬಸ್ಸಿನಲ್ಲಿ ಹೋದವನಿಗೆ ಕ್ಷಮೆ ಉಂಟು, ಬಸ್ಸು ಅವನ ಮಾತು ಕೇಳುವುದಿಲ್ಲ. ಕಾರಿನವನು ಗಾಜು ಏರಿಸಿಕೊಂಡು ಪಾರಾಗಬಹುದು. ಬೈಕಿನವನಿಗೆ ಯಾವ ರಿಯಾಯಿತಿಯೂ ಇಲ್ಲ. ‘ನಿನ್ನೆ ನಮ್ಮನೆ ಮುಂದೇ ಹೋದ್ರಡ, ಒಳಗೆ ಬರೂಕೆ ನಮ್ಮನೇಲಿ ಎಂತ ಹುಲಿ ಕಟ್ಟಿತ್ತಾ?’ ಎಂಬ ಮಾತು ಮುಂದಿನ ಮದುವೆಮನೆಯಲ್ಲಿ, ಎಲೆಯ ಮುಂದೆ ಕೂತಾಗ, ಹತ್ತು ಜನರಿಗೆ ಕೇಳುವ ಹಾಗೆ ಬರುತ್ತದೆ. ನಾನು ತಾಲ್ಲೂಕು ನಕ್ಷೆ ಹರಡಿಕೊಂಡು ನೆಂಟರ ಮನೆಗಳಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಮುಗಿಸಿ ನೋಡಿದರೆ ನಕ್ಷೆಗೆ ಸಿಡುಬು ಎದ್ದ ಹಾಗಿತ್ತು. ನಮ್ಮ ದಾರಿಯ ಮೇಲೇ ಹನ್ನೊಂದು ಮನೆ.

ನೆಂಟರಿಲ್ಲದ ದಾರಿ ಹುಡುಕುವುದರಲ್ಲೇ ಆ ಚಳಿಗಾಲ ಕಳೆಯಿತು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲೇ ಐದು ಮನೆ. ಅದನ್ನು ತಪ್ಪಿಸಲು ಶೃಂಗೇರಿ ಸುತ್ತಿಕೊಂಡು ಹೋಗುವ ಒಂದು ಪರ್ಯಾಯ ಮಾರ್ಗವನ್ನು ಸೂಚಿಸಿದೆ. ಅಲ್ಲಿ ನನ್ನ ಹೆಂಡತಿಯ ಚಿಕ್ಕಮ್ಮ ಇದ್ದಾರೆ ಎಂದು ಮೂರು ವಾರದ ನಂತರ ಹೆಂಡತಿಯೇ ನೆನಪಿಸಿದಳು. ನಾಗೋಡಿ ಮೇಲೆ ಕೊಲ್ಲೂರಿಗೆ ಇಳಿಯುವ ಮಾರ್ಗವನ್ನೂ ಪರಿಶೀಲಿಸಿದೆ. ನಿಟ್ಟೂರಿನಲ್ಲಿ ತೊಡಕು ಕಂಡುಬಂತು. ಭಾವ ಫೋನು ಮಾಡಿದಾಗಲೆಲ್ಲ ನಾನು ಪ್ರಗತಿ ವರದಿ ಕೊಡುತ್ತಿದ್ದೆ.

“ಹೊರಡದು ಯಾವಾಗ ಹೇಳಾ.”

“ವಿಷಯ ಪರಿಶೀಲನೆಯಲ್ಲಿ ಇದ್ದು.”

“ಹೆಲ್ಮೆಟ್ ಹಾಕ್ಯಂಡು ಮುಖ ಮುಚ್ಕಂಡು ಹೋಪನ ಮಾರಾಯ. ಯಾರಿಗೆ ಗುರ್ತು ಸಿಕ್ತು?”

“ಗಾಡಿ ಗುರ್ತು ಸಿಕ್ತು. ನನ್ನ ಕೂರೋ ಕ್ರಮ ಗುರ್ತು ಸಿಕ್ತು.”

“ಅದು ಹೌದು. ನೀ ಬೈಕ್ ಮೇಲೆ ಕೂತ್ರೆ ಕುರ್ಚಿ ಮೇಲೆ ಕೂತಂಗೇ ಇರ್ತು.”

ಅವನು ಹೀಗೆ ತಮಾಷೆ ಮಾಡುತ್ತಿದ್ದುದರಿಂದ ಅವಸರವಿಲ್ಲ ಎಂದು ನಾನು ತಿಳಿದೆ. ಅವಸರ ಇದ್ದವನು ಜಗಳ ಆಡುತ್ತಾನೆ ಎಂಬುದು ಕಚೇರಿಯಲ್ಲಿ ನಾನು ಕಲಿತ ಪಾಠ. ಟೇಬಲ್ ಬಡಿದವನ ಅರ್ಜಿ ಮೊದಲು ಹೋಗುತ್ತಿತ್ತು, ನಗುನಗುತ್ತಾ ಬಂದವನದು ಕೆಳಗೆ ಉಳಿಯುತ್ತಿತ್ತು. ಮನೆಯವರ ಜೊತೆಗೂ ಅದೇ ಪದ್ಧತಿಯನ್ನು ನಾನು ಇಟ್ಟುಕೊಂಡಿದ್ದೆ ಎಂಬುದು ಈಗ ತಿಳಿಯುತ್ತದೆ.

ಜೂನ್ ಬಂತು. ಆಗುಂಬೆಗೆ ಮಳೆಗಾಲದಲ್ಲಿ ಬೈಕಿನಲ್ಲಿ ಹೋಗುವುದು ಹುಚ್ಚರ ಕೆಲಸ, ಎದುರಿಗಿನ ಬಸ್ಸೇ ಕಾಣುವುದಿಲ್ಲ, ಇನ್ನು ಪಕ್ಕದ ಕಣಿವೆ ಎಲ್ಲಿಂದ ಕಂಡೀತು. ಆದ್ದರಿಂದ ವಿಷಯವನ್ನು ನವೆಂಬರಿಗೆ ಮುಂದೂಡಲಾಯಿತು. ಈ ಮಧ್ಯೆ ನಾನು ಸಾಗರದಲ್ಲಿ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಲು ಶುರುಮಾಡಿದ್ದೆ. ನವೆಂಬರಿನಲ್ಲಿ ತಾರಸಿ ಹಾಕುವ ಕೆಲಸ. ತಾರಸಿಗೆ ನೀರು ಹಿಡಿಯಲು ಯಜಮಾನನೇ ಇರಬೇಕು. ಡಿಸೆಂಬರಿನಲ್ಲಿ ಟೈಲ್ಸು. ಅದರ ಬಣ್ಣ ಒಪ್ಪಿಗೆಯಾಗಲು ಮನೆಯಲ್ಲಿ ನಡೆದ ಚರ್ಚೆಗಳನ್ನು ಇಲ್ಲಿ ಬರೆಯುವುದಿಲ್ಲ. ಡಾಕ್ಟರು ಕೊಟ್ಟ ಒಂದು ವರ್ಷ ಆ ಟೈಲ್ಸಿನ ಮೇಲೆ ಸದ್ದಿಲ್ಲದೆ ಮುಗಿಯಿತು.

ಫೆಬ್ರವರಿಯಲ್ಲಿ ನನ್ನ ತಲೆಗೆ ಒಂದು ಮಹಾ ಉಪಾಯ ಹೊಳೆಯಿತು. ಮಾರ್ಚಿ ತಿಂಗಳಲ್ಲಿ ಗೃಹಪ್ರವೇಶ ನಿಶ್ಚಯವಾಗಿತ್ತು. ನೆಂಟರನ್ನು ಕರೆಯಬೇಕು. ನಮ್ಮಲ್ಲಿ ಕರೆಯುವುದೆಂದರೆ ವಾಟ್ಸ್ಯಾಪಿನಲ್ಲಿ ಕರೆಯುವ ಕಾಗದದ ಚಿತ್ರ ಕಳಿಸುವುದಲ್ಲ. ಹಾಗೆ ಕಳಿಸಿದರೆ ನೆಂಟರೂ ಹೆಬ್ಬೆರಳ ಚಿತ್ರ ಕಳಿಸಿ ಮನೆಯಲ್ಲೇ ಉಳಿಯುತ್ತಾರೆ. ಮನೆಗೇ ಹೋಗಿ, ಕೂತು, ಕುಂಕುಮ ಅಕ್ಷತೆ ಕೊಟ್ಟು, ಕಾಗದವನ್ನು ಎರಡೂ ಕೈಯಲ್ಲಿ ಕೊಟ್ಟು ‘ಎಲ್ಲರೂ ಬರಬೇಕು’ ಎನ್ನಬೇಕು. ಯಾವ ಹನ್ನೊಂದು ಮನೆಗಳನ್ನು ತಪ್ಪಿಸಿ ಹೋಗಲು ಹದಿನೈದು ತಿಂಗಳು ಹೆಣಗಿದೆನೋ ಆ ಹನ್ನೊಂದು ಮನೆಗಳಿಗೂ ನಾನು ಈಗ ಹೋಗಲೇಬೇಕಿತ್ತು. ಕರೆಯುವ ಕೆಲಸವೂ ಆಯಿತು, ಭಾವನ ಸಮುದ್ರವೂ ಆಯಿತು. ನೆಂಟರ ತೊಡಕು ಬುಡಸಮೇತ ನಿವಾರಣೆ! ನನ್ನ ಬುದ್ಧಿಗೆ ನಾನೇ ತಲೆದೂಗಿ ಭಾವನಿಗೆ ಫೋನು ಮಾಡಿದೆ.

ಅವನು “ಆತು. ಹೆಂಗೋ ಹೊರಟ್ಯಲ,” ಎಂದ.

ತಂಗಿ ಹಿಂದಿನಿಂದ ಫೋನು ಕಿತ್ತುಕೊಂಡಳು. “ಅಣ್ಣಾ, ಕರೆಯಕ್ಕೆ ಹೋಪದಾದ್ರೆ ಬೇರೆ ಯಾರನ್ನಾದ್ರೂ ಕರ್ಕಂಡು ಹೋಗು. ಇವ್ರನ್ನ ಎಂತಕ್ಕೆ ಮನೆಮನೆ ಹತ್ತಿಸ್ತೆ? ಇವ್ರು ಹೇಳಿದ್ದು ಬೇರೆ.”

“ಒಂದೊಂದು ಮನೇಲಿ ಹತ್ತು ನಿಮಿಷ ಅಷ್ಟೇಯ,” ಎಂದೆ.

“ಹತ್ತು ನಿಮಿಷ!” ಎಂದು ಅವಳು ನಕ್ಕ ರೀತಿಯಲ್ಲೇ ನಾನು ಎಚ್ಚರಗೊಳ್ಳಬೇಕಿತ್ತು.

ಹಿಂದಿನ ದಿನವೇ ತೀರ್ಥಹಳ್ಳಿಗೆ ಹೋಗಿ ಉಳಿದು, ಬೆಳಿಗ್ಗೆ ಏಳಕ್ಕೆ ಹೊರಟೆವು. ನನ್ನ ಕಾರ್ಯಕ್ರಮ ಪಟ್ಟಿಯ ಪ್ರಕಾರ ಎಂಟೂಮುಕ್ಕಾಲಿಗೆ ಐದು ಮನೆ ಮುಗಿದು, ಒಂಬತ್ತೂವರೆಗೆ ಆಗುಂಬೆ, ಹೆಬ್ರಿಯಲ್ಲಿ ಆರನೆಯ ಮನೆ, ಮೂರು ಗಂಟೆಗೆ ಮರವಂತೆ. ಅಲ್ಲಿಂದ ಮುಂದೆ ಸೂರ್ಯ ಮುಳುಗುವವರೆಗೆ ‘ಸಮುದ್ರ ವೀಕ್ಷಣೆ’ ಎಂದು ಮೂರು ಗಂಟೆ ಖಾಲಿ ಬಿಟ್ಟಿದ್ದೆ. ಭಾವ ಹೊಸ ಅಂಗಿ ಹಾಕಿಕೊಂಡಿದ್ದ. ಕನ್ನಡಕ ಎರಡು ಸಲ ಒರೆಸಿಕೊಂಡ. ನಾನು ಅವನ ತೊಡೆಯ ಮೇಲೆ ಕರೆಯುವ ಕಾಗದಗಳ ಚೀಲ ಇಟ್ಟು, “ಕುಂಕುಮದ ಡಬ್ಬಿ ಓರೆ ಮಾಡಡ,” ಎಂದು ಆಜ್ಞಾಪಿಸಿದೆ.

ಮೊದಲನೆಯ ಮನೆ ಪೇಟೆ ದಾಟಿ ಆರು ಕಿಲೋಮೀಟರು. ಅಂಗಳಕ್ಕೆ ಹೋಗುತ್ತಲೇ ಯಜಮಾನರು ಎದ್ದು ಬಂದರು.

“ಓಹೋ, ಭಾವ ಭಾವ ಜೋಡಿ ಬಂಜು! ಕೈಕಾಲು ತೊಳ್ಕಳಿ. ಆಸ್ರಿಗೆ ಎಂತ ಮಾಡ್ಲಿ?”

ಆಸರಿಗೆ ಎಂದರೆ ಬಾಯಾರಿಕೆಗೆ. ಏನೂ ಬೇಡ ಎಂದು ಹೇಳಬಹುದಾದರೂ ಅದನ್ನು ಯಾರೂ ಕೇಳಿಸಿಕೊಳ್ಳುವ ಪದ್ಧತಿಯಿಲ್ಲ.

“ಎಂತೂ ಬ್ಯಾಡ, ಅವಸರ ಇದ್ದು. ಸಮುದ್ರ ನೋಡಕ್ಕೆ ಹೊಂಟಿದ್ಯ,” ಎಂದ ಭಾವ.

“ಸಮುದ್ರವಾ! ಅದು ಅಲ್ಲೇ ಇರ್ತು, ಎಲ್ಲಿಗೆ ಹೋಗ್ತು? ದೋಸೆ ಹಂಚು ಕಾದಿದ್ದು, ಕೂತ್ಗಳಿ.”

ಈ ಮಾತು ಐದೂ ಮನೆಯಲ್ಲಿ ಬಂತು. ಸಮುದ್ರ ಅಲ್ಲೇ ಇರುತ್ತದೆ ಎಂಬುದರಲ್ಲಿ ತೀರ್ಥಹಳ್ಳಿ ತಾಲ್ಲೂಕಿಗೆ ಭಿನ್ನಾಭಿಪ್ರಾಯವೇ ಇರಲಿಲ್ಲ. ಎರಡನೆಯ ಮನೆಯಲ್ಲಿ ಕಾಫಿ, ಮೂರನೆಯದರಲ್ಲಿ ನನ್ನ ಹೊಸ ಮನೆಯ ಅಡಿಗೆಮನೆ ಯಾವ ದಿಕ್ಕಿಗೆ ಎಂಬ ವಿಚಾರಣೆ. ಆ ವಿಚಾರಣೆಯನ್ನು ಐದು ನಿಮಿಷದಲ್ಲಿ ಮುಗಿಸಬಹುದಿತ್ತು. ನಾನು ಕಾಗದದ ಹಿಂದೆ ಮನೆಯ ನಕ್ಷೆ ಬರೆದು ತೋರಿಸುತ್ತಾ ಕೂತೆ. ಇದನ್ನು ತಪ್ಪೊಪ್ಪಿಗೆ ಎಂದೇ ತಿಳಿಯಬೇಕು. ನೆಂಟರು ಹಿಡಿದು ಕೂರಿಸಿದರು ಎಂದು ಇಷ್ಟು ದಿನ ಎಲ್ಲರಲ್ಲೂ ಹೇಳಿಕೊಂಡು ಬಂದಿದ್ದೇನೆ, ಆದರೆ ಆ ಮನೆಯಲ್ಲಿ ನಾನು ಕೂತದ್ದು ನನ್ನ ತಾರಸಿಯ ವರ್ಣನೆಗೆ. ಭಾವ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಿಸಿಲು ಎಲ್ಲಿಗೆ ಬಂತು ಎಂದು ನೋಡಿ ಬಂದ. ನಾಲ್ಕನೆಯ ಮನೆಯಲ್ಲಿ ಊಟದ ಹೊತ್ತಾಗಿತ್ತು. ಊಟದ ಹೊತ್ತಿಗೆ ಬಂದು ಉಣ್ಣದೆ ಹೋದವರು ಇನ್ನೂ ಆ ಮನೆಯ ಇತಿಹಾಸದಲ್ಲಿ ಇಲ್ಲ. ಐದನೆಯ ಮನೆಯವರು ಊಟ ಮಾಡಿ ಮಲಗಿದ್ದರು, ಏಳುವವರೆಗೆ ಜಗುಲಿಯಲ್ಲಿ ಕಾದೆವು.

ಆಗುಂಬೆ ಘಾಟಿಯ ತಲೆಯ ಮೇಲೆ ನಿಂತಾಗ ಐದೂಕಾಲು. ಸೂರ್ಯಾಸ್ತ ನೋಡುವವರು ಕಾರು ನಿಲ್ಲಿಸಿಕೊಂಡು ಕಟ್ಟೆಯ ಹತ್ತಿರ ಸೇರುತ್ತಿದ್ದರು. ಭಾವ “ಇಲ್ಲೇ ಒಂದು ಗಳಿಗೆ ನಿಲ್ಲನನ?” ಎಂದ. ಹೆಬ್ರಿಯ ಮನೆಯವರಿಗೆ ನಾನು ಫೋನು ಮಾಡಿಬಿಟ್ಟಿದ್ದೆ, ಅವರು ಕಾಯುತ್ತಿದ್ದರು. “ಇಳಿತಾ ನೋಡು, ನಿಧಾನ ಹೊಡಿತಿ,” ಎಂದೆ.

ಹದಿನಾಲ್ಕು ತಿರುವುಗಳಲ್ಲೂ ನನ್ನ ಕಣ್ಣು ರಸ್ತೆಯ ಮೇಲೆ. ಪ್ರತಿ ತಿರುವಿನಲ್ಲೂ ಚೀಲ ಜಾರುತ್ತಿತ್ತು, ಭಾವ ಅದನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿಯುತ್ತಿದ್ದ. ಮೂರು ಮನೆಯವರು ಕಟ್ಟಿಕೊಟ್ಟ ಹಪ್ಪಳ, ಉಪ್ಪಿನಕಾಯಿ ಬೇರೆ ಅವನ ಮಡಿಲಿನಲ್ಲಿ. “ಕಾಣ್ತನಾ?” ಎಂದು ನಾನು ಕೂಗಿ ಕೇಳಿದೆ. “ಕಾಣ್ತು, ನೀ ಮುಂದೆ ನೋಡು,” ಎಂದ.

ಮುಂದಿನದನ್ನು ಹೆಚ್ಚು ಬೆಳೆಸುವಂತಿಲ್ಲ. ಹೆಬ್ರಿಯಿಂದ ಹೊರಟಾಗ ಏಳಾಗಿತ್ತು. ಉಡುಪಿಯಿಂದ ಕುಂದಾಪುರದವರೆಗೆ ಹೆದ್ದಾರಿಯಲ್ಲಿ ಲಾರಿಗಳ ದೀಪ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕುಂದಾಪುರದಲ್ಲಿ ಏಳನೆಯ ಮನೆ, ಅಲ್ಲೇ ವಸತಿ.

ಮರವಂತೆ ಅಲ್ಲಿಂದ ಇನ್ನೂ ಮುಂದೆ, ಹೋಗಿ ಬರಲು ಒಂದು ಗಂಟೆ. ಬೆಳಿಗ್ಗೆ ಎದ್ದು ಅಲ್ಲಿಗೆ ಹೋಗುವುದು, ಆಮೇಲೆ ಘಾಟಿ ಹತ್ತುವುದು ಎಂದು ಭಾವ ಮಲಗುವಾಗ ಹೇಳಿದ್ದ. ಬೆಳಿಗ್ಗೆ ನಾನು ಪಟ್ಟಿ ನೋಡಿದೆ. ಮಾಸ್ತಿಕಟ್ಟೆಯಲ್ಲಿ ಒಂದು, ಹೊಸನಗರದ ಕಡೆ ಮೂರು ಮನೆ ಉಳಿದಿದ್ದವು. ಹೊಸನಗರದ ಒಂದು ಮನೆಯವರು ಮಧ್ಯಾಹ್ನ ಮದುವೆಗೆ ಹೊರಡುವವರು, ಹನ್ನೆರಡರೊಳಗೆ ಸಿಗಬೇಕು. ಅವರು ನನ್ನ ಹೆಂಡತಿಯ ಕಡೆಯ ಹಿರಿಯರು. ಕರೆ ತಪ್ಪಿದರೆ ನಾನು ಹೊಸ ಮನೆಯಲ್ಲಿ ನೆಮ್ಮದಿಯಾಗಿ ಇರುವಂತಿಲ್ಲ.

ನಾನು ಪಟ್ಟಿಯನ್ನು ಮಡಿಚುತ್ತಾ ನಿಂತದ್ದನ್ನು ಭಾವ ನೋಡಿದ. “ಎಂತಾತು?” ಎಂದ.

“ಮರವಂತೆಗೆ ಹೋದ್ರೆ ಅವ್ರು ಸಿಕ್ತ್ವಿಲ್ಲೆ.”

ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಒಂದು ಗುಂಡಿ ಹಾಕಿ ಮುಗಿಸಿದ ಮೇಲೆ, “ಎಲ್ಲಾರೂ ಹೇಳಿದ್ವಲ, ಸಮುದ್ರ ಅಲ್ಲೇ ಇರ್ತು ಹೇಳಿ,” ಎಂದ. “ನಡಿ.”

ಅವನು ಟೇಬಲ್ ಬಡಿಯಲಿಲ್ಲ. ನಾನು ಗಾಡಿ ಸ್ಟಾರ್ಟು ಮಾಡಿದೆ.

ಹುಲಿಕಲ್ ಘಾಟಿಯಲ್ಲಿ ಒಳ್ಳೆಯ ಬೆಳಕಿತ್ತು. ಇದೊಂದಾದರೂ ದಕ್ಕಿತು ಎಂದು ನಾನು ಉತ್ಸಾಹದಿಂದ ವಿವರಣೆ ಶುರುಮಾಡಿದೆ. ಬಲಗಡೆ ನೋಡು, ಕಣಿವೆ. ಎಡಗಡೆ ನೋಡು, ಬಂಡೆಯ ಮೇಲಿಂದ ನೀರು. ನಾನು ಹೇಳಿದಾಗಲೆಲ್ಲ ಗಾಡಿ ಒಂದು ಕಡೆಗೆ ವಾಲುತ್ತಿತ್ತು. ಯಾಕೆ ಎಂದು ತಿಳಿಯಲು ಎರಡು ಮೂರು ತಿರುವು ಬೇಕಾಯಿತು. ಭಾವ ಬರಿಯ ಕಣ್ಣು ಹೊರಳಿಸುತ್ತಿರಲಿಲ್ಲ. ಕುತ್ತಿಗೆಯನ್ನೂ ಭುಜವನ್ನೂ ಪೂರ್ತಿ ತಿರುಗಿಸಿ, ಕಿಟಕಿಯಿಂದ ಹೊರಗೆ ಬಗ್ಗಿದವನ ಹಾಗೆ ನೋಡುತ್ತಿದ್ದ. ಅವನು ತಿರುಗಿ ಮುಗಿಸುವಷ್ಟರಲ್ಲಿ ನೀರು ಹಿಂದೆ ಹೋಗಿರುತ್ತಿತ್ತು.

“ಆಡಡ ಮಾರಾಯ, ಗಾಡಿ ಬೀಳ್ತು,” ಎಂದು ಗದರಿದೆ.

“ಆತು,” ಎಂದು ಅವನು ನೆಟ್ಟಗೆ ಕೂತ. ಆಮೇಲೆ ಮೇಲೆ ತಲುಪುವವರೆಗೆ ಅಲ್ಲಾಡಲಿಲ್ಲ.

ಮಾಸ್ತಿಕಟ್ಟೆಯ ಮನೆ ಮುಗಿಸಿ ಹೊಸನಗರ ಮುಟ್ಟಿದಾಗ ಹನ್ನೊಂದೂವರೆ. ಹಿರಿಯರು ಸಿಕ್ಕರು. ನಾನು ಎರಡೂ ಕೈಯಲ್ಲಿ ಕಾಗದ ಕೊಟ್ಟೆ. ಆ ಮನೆಯ ಸೊಸೆ ಭಾವನ ಬಲಗಡೆಯಿಂದ ಕಾಫಿ ಲೋಟ ಹಿಡಿದು ನಿಂತಿದ್ದರು. “ತಗಳಿ,” ಎಂದರು. ಭಾವ ಎದುರಿಗೆ ನೋಡುತ್ತಾ ಕೂತೇ ಇದ್ದ. ಇನ್ನೊಮ್ಮೆ ಹೇಳಿದಾಗ ಗಾಬರಿಯಾಗಿ ಕೈ ಎತ್ತಿದ, ಕೈ ಲೋಟಕ್ಕೆ ತಗುಲಿ ಕಾಫಿ ಅವನ ಹೊಸ ಅಂಗಿಯ ಮೇಲೆ ಚೆಲ್ಲಿತು.

“ಭಾವ ಇನ್ನೂ ಸಮುದ್ರದಲ್ಲೇ ಇದ್ದ!” ಎಂದು ನಾನು ಹೇಳಿದೆ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಭಾವನೂ ನಕ್ಕ. ಅವನು ನಗುತ್ತಾ ಆ ಸೊಸೆಯ ಕಡೆ ತಿರುಗಿದ್ದು ಕುತ್ತಿಗೆ, ಭುಜ ಎಲ್ಲವನ್ನೂ ಸೇರಿಸಿಕೊಂಡು. ಆಗ ನನಗೆ ನಗು ನಿಂತಿತು.

ಹೊರಗೆ ಬಂದು ನಲ್ಲಿಯಲ್ಲಿ ಅಂಗಿ ತೊಳೆದುಕೊಳ್ಳುವಾಗ ಕೇಳಿದೆ. “ಯಾವಾಗಿಂದ?”

“ಎಂತ ಯಾವಾಗಿಂದ?”

“ಪಕ್ಕದ್ದು.”

ಅವನು ಅಂಗಿಯ ಅಂಚು ಹಿಂಡಿದ. “ಗಣಪತಿ ಹಬ್ಬದ ಹೊತ್ತಿಗೆ ಬಲಗಡೆದು ಕಮ್ಮಿ ಆತು. ಆಮೇಲೆ ಎಡಗಡೆದು. ಈಗ ಪೈಪಿನೊಳಗಿಂದ ನೋಡಿದಂಗೆ ಕಾಣ್ತು. ಯೋಜನೇಲಿ ದೊಡ್ಡ ಪೈಪ್ ಇತ್ತಲ, ಅದ್ರೊಳಗೆ ನಿಂತು ಹೊರಗೆ ನೋಡಿದ್ರೆ ಗುಂಡಾಗಿ ಬೆಳಕು. ಹಂಗೆ.”

“ಹಂಗಾರೆ ನಿನ್ನೆ, ಇವತ್ತು, ಘಾಟೀಲಿ ನಿಂಗೆ ಕಂಡಿದ್ದು ಎಂತ?”

“ನಿನ್ನ ಹೆಲ್ಮೆಟ್ಟು.” ಅವನು ನಕ್ಕ. “ಸುಮಾರು ವಿವರವಾಗಿ ಕಂಡಿದ್ದು. ಹಿಂದೊಂದು ಗೀರು ಬಿದ್ದಿದ್ದು, ಗೊತ್ತಿದ್ದಾ ನಿಂಗೆ?”

“ಮೊದಲೇ ಎಂತಕ್ಕೆ ಹೇಳಿದ್ದಿಲ್ಲೆ?”

“ಹೇಳಿದ್ರೆ ನೀ ಇನ್ನೊಂದು ಹಾಳೆ ಬರೀತಿದ್ದೆ. ಹೊರಡ್ತಿದ್ದಿಲ್ಲೆ.”

ಇನ್ನೂ ಎರಡು ಮನೆ ಬಾಕಿ ಇದ್ದವು. ಅಲ್ಲಿಂದಲೇ ಗಾಡಿ ತಿರುಗಿಸಿ ಹುಲಿಕಲ್ ಇಳಿದು ಕುಂದಾಪುರಕ್ಕೆ ಹೋಗಬಹುದಿತ್ತು. ನಾಲ್ಕು ಗಂಟೆಗೆ ಮರವಂತೆ. ಆ ಗುಂಡನೆಯ ಬೆಳಕಿನಲ್ಲಾದರೂ, ಮುಂದೆ ನಿಲ್ಲಿಸಿದರೆ ಸಮುದ್ರ ಅವನಿಗೆ ಕಾಣುತ್ತಿತ್ತು. ಸಮುದ್ರ ಪಕ್ಕದಲ್ಲೇ ಇರಬೇಕೆಂದು ಕಾನೂನಿಲ್ಲ, ಎದುರಿಗೆ ನಿಂತು ನೋಡಿದರೂ ಆಗುತ್ತದೆ. ಇದು ನನಗೆ ಹೊಳೆದದ್ದು ನಾಲ್ಕು ದಿನದ ನಂತರ, ಹೊಸ ಮನೆಯ ಬಾಗಿಲಿಗೆ ಬಣ್ಣ ಹಚ್ಚುವವನ ಹಿಂದೆ ನಿಂತಿದ್ದಾಗ. ಆ ದಿನ ನಲ್ಲಿಯ ಹತ್ತಿರ ನಾನು ಹೇಳಿದ್ದು, “ಅಂಗಿ ಒಣಗ್ತು, ನಡಿ, ಇನ್ನೆರಡೇ ಮನೆ,” ಎಂದು.

ಗೃಹಪ್ರವೇಶ ಸಾಂಗವಾಗಿ ನಡೆಯಿತು. ಕರೆದ ಹನ್ನೊಂದು ಮನೆಯವರೂ ಬಂದರು. ತಾರಸಿಯನ್ನು ಹೊಗಳಿದರು. ಭಾವ ತಂಗಿಯ ಕೈ ಹಿಡಿದು ಮೆಟ್ಟಿಲು ಹತ್ತಿದ.

ಆಮೇಲೆ ಮಳೆಗಾಲ ಕಳೆದು ನಾನೇ ತೀರ್ಥಹಳ್ಳಿಗೆ ಹೋಗಿ ಹೇಳಿದೆ. ನಾಳೆಯೇ ಹೋಗೋಣ, ಕಾಗದವಿಲ್ಲ, ಪಟ್ಟಿಯಿಲ್ಲ, ಬೇಕಾದರೆ ಕಾರು ಮಾಡೋಣ, ಯಾರ ಮನೆಗೂ ಹೋಗುವುದು ಬೇಡ, ಯಾರು ಬೇಕಾದರೂ ಏನು ಬೇಕಾದರೂ ಅಂದುಕೊಳ್ಳಲಿ. ಮೇಜು ಬಡಿದು ಹೇಳಿದೆ ಎಂದೇ ಇಟ್ಟುಕೊಳ್ಳಿ.

ಭಾವ ನನ್ನ ದನಿ ಬಂದ ಕಡೆಗೆ ಮುಖ ಮಾಡಿದ. ಆ ಮಳೆಗಾಲದಲ್ಲಿ ಪೈಪು ತುಂಬಾ ಸಣ್ಣದಾಗಿತ್ತು. “ಈಗ ಹೋದ್ರೆ ನೀನೇ ನೋಡಿ ಹೇಳವು,” ಎಂದ. “ನೀ ಹೇಳೋ ಚಂದ ಎಂಗೆ ಗೊತ್ತಿದ್ದು. ‘ಮೇಲ್ಕಂಡ ಸಮುದ್ರವು ಪಶ್ಚಿಮಕ್ಕೆ ಇರುತ್ತದೆ’ ಹೇಳ್ತೆ. ಬ್ಯಾಡ ಭಾವ. ಕೂತ್ಗ, ಕಾಫಿ ಕುಡಿ.”

ತಂಗಿ ಲೋಟವನ್ನು ಅವನ ಎರಡೂ ಕೈಯೊಳಗೆ ಇಟ್ಟಳು. ನನ್ನ ಮುಖ ನೋಡಲಿಲ್ಲ.

ಹೋದ ಜನವರಿಯಲ್ಲಿ ನಾನೊಬ್ಬನೇ ಹೋದೆ. ಹೋಗಿ ನೋಡಿ ಬಂದು ಅವನಿಗೆ ಸರಿಯಾಗಿ ಹೇಳಬೇಕು, ಕಚೇರಿಯ ಭಾಷೆಯಲ್ಲಲ್ಲದೆ ಹೇಳಲು ಬರುತ್ತದೋ ನೋಡಬೇಕು ಎಂದಿತ್ತು. ಹೆಂಡತಿಗೆ ಸೊಸೈಟಿಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಬೆಳಗಿನ ಆರಕ್ಕೆ ಹೊರಟೆ. ಎಲ್ಲೂ ನಿಲ್ಲಲಿಲ್ಲ. ಹನ್ನೊಂದರ ಸುಮಾರಿಗೆ ಮರವಂತೆಯಲ್ಲಿದ್ದೆ. ಹದಿನೈದು ತಿಂಗಳು ಯೋಜನೆ ಹಾಕಿದ ದೂರ ಅದು. ಐದು ಗಂಟೆ ಸಾಕಾಯಿತು.

ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ, ಕಲ್ಲುಗಳ ಹತ್ತಿರ ಇಳಿದು ನಿಂತೆ. ಒಂದು ಬದಿಗೆ ಸಮುದ್ರ, ರಸ್ತೆಯ ಇನ್ನೊಂದು ಬದಿಗೆ ಹೊಳೆ. ಹಿಂದಿನ ಸೀಟಿನಲ್ಲಿ ಕೂತವನು ಕುತ್ತಿಗೆ ತಿರುಗಿಸದೆಯೇ ಎರಡನ್ನೂ ನೋಡಬಹುದಾದ ಜಾಗ. ಅವನು ಬಸ್ಸಿನಲ್ಲಿ ಕೂತು ಆ ಜಾಗವನ್ನೇ ಯಾಕೆ ಕೇಳಿದ್ದ ಎಂದು ಅಲ್ಲಿ ನಿಂತ ಮೇಲೆ ತಿಳಿಯಿತು. ಸಮುದ್ರದ ಬಣ್ಣ ಏನೆಂದು ಹೇಳಲಿ ಎಂದು ಯೋಚಿಸಿದೆ. ಹಸಿರು ಎಂದುಕೊಂಡೆ, ಹಸಿರಲ್ಲ. ದೂರದಲ್ಲಿ ಬೇರೆ, ಹತ್ತಿರದಲ್ಲಿ ಬೇರೆ. ಅಷ್ಟರಲ್ಲಿ ಫೋನು ಬಂತು. ಭಾವನದು. ತಂಗಿ ಒತ್ತಿ ಕೊಟ್ಟಿರಬೇಕು.

“ಭಾವ, ಕಣ್ಣಿನ ಹನಿ ಇಲ್ಲಿ ಸಿಕ್ತಿಲ್ಲೆ. ನಿಮ್ಮಲ್ಲಿ ದೊಡ್ಡ ಔಷಧಿ ಅಂಗಡೀಲಿ ಕೇಳ್ತ್ಯಾ?”

“ಕೇಳ್ತಿ.”

“ಎಲ್ಲಿದ್ದೆ?”

“ಪೇಟೇಲಿ.”

ಒಂದು ದೊಡ್ಡ ಅಲೆ ಬಂದು ಕಲ್ಲಿಗೆ ಬಡಿಯಿತು. ನಾನು ಫೋನನ್ನು ಅಂಗೈಯಲ್ಲಿ ಮುಚ್ಚಿದೆ. ತಡವಾಗಿತ್ತು.

“ಅದೆಂತ ಶಬ್ದ?”

“ಲಾರಿ,” ಎಂದೆ.

ಇನ್ನೊಂದು ಅಲೆ ಬಂತು. ಅದರ ಹಿಂದೆ ಮತ್ತೊಂದು. ನಿಜ ಹೇಳಲು ಇನ್ನೂ ಸಮಯವಿತ್ತು, ಬಾಯಿ ಬರಲಿಲ್ಲ. ಕೊನೆಗೆ ಅಂಗೈ ತೆಗೆದು, ಫೋನನ್ನು ಕಿವಿಯಿಂದ ದೂರಕ್ಕೆ, ನೀರಿನ ಕಡೆಗೆ ಹಿಡಿದೆ. ಎಷ್ಟು ಹೊತ್ತೋ ತಿಳಿಯದು. ಕೈ ನೋಯಿತು. ಮತ್ತೆ ಕಿವಿಗೆ ಇಟ್ಟಾಗ ಅವನು ಫೋನು ಇಟ್ಟಿರಬಹುದು ಎಂದುಕೊಂಡೆ. ಇಟ್ಟಿರಲಿಲ್ಲ. ಉಸಿರು ಕೇಳುತ್ತಿತ್ತು.

“ಭಾವ,” ಎಂದ. “ಹುಲಿಕಲ್ ಹತ್ತೋವಾಗ ಎರಡನೇ ಗೇರಲ್ಲೇ ಇಟ್ಗ. ಬೆಳಕಿದ್ದಾಗ್ಲೇ ಹೊರಡು.”